ಹುಣಸೆಮರದ ಬಾಣಂತಿಯರು

ಮಳೆಯ ರಾತ್ರಿ ಒಲೆ ಮುಂದೆ ಕೂತರೆ ಸಾಕು, ನನ್ನ ಮೂಗಿಗೆ ಕೊಕ್ಕರೆ ಬೆಳ್ಳೂರಿನ ಮೀನುವಾಸನೆ ಬಡಿಯುತ್ತದೆ. ಯುಗಾದಿ ಕಳೆದಿತ್ತು, ಅಶ್ವಿನಿ ಮಳೆ ಇನ್ನೂ ಬಿದ್ದಿರಲಿಲ್ಲ. ಮೈಸೂರಿನಿಂದ ನಾವು ನಾಲ್ಕು ಜನ ಹುಡುಗರು ಹೆಜ್ಜಾರ್ಲೆ (ಪೆಲಿಕನ್) ಮರಿಗಳ ಆರೈಕೆಗೆಂದು ಹೋಗಿದ್ದೆವು. ಹಕ್ಕಿ ಉಳಿಸಲು ಬಂದವರೆಂಬ ಜಂಬ ಬೇರೆ.

ಮದ್ದೂರು ತಾಲ್ಲೂಕಿನ ಆ ಊರಲ್ಲಿ ಗೂಡುಗಳಿರುವುದು ನೀರಿನ ನಡುವೆ ಅಲ್ಲ, ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೆ. ಮೀನು ಮಾತ್ರ ಶಿಂಷಾ ಹೊಳೆಯದು, ಸುತ್ತಲ ಕೆರೆಗಳದು. ಹಿಂದೆ ಊರು ಹೊಳೆದಂಡೆಯಲ್ಲೇ ಇತ್ತಂತೆ. ಪ್ಲೇಗು ಬಂದು ಜನ ಜಾಗ ಬದಲಿಸಿದರೆ ಹಕ್ಕಿಗಳೂ ಹಿಂದೆಯೇ ಬಂದವಂತೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಊರವರಿಗೆ ಆ ಕಾಗದ ಬೇಕಿರಲಿಲ್ಲ ಅನ್ನಿ.

ಗೂಡಿನಿಂದ ಕೆಳಗೆ ಬಿದ್ದ ಮರಿಗೆ ತಾಯಿ ಇಳಿದುಬಂದು ಉಣಿಸುವುದಿಲ್ಲ. ನಾಯಿಯ ಬಾಯಿಗೆ ಬೀಳುವ ಮೊದಲೇ ಎತ್ತಿ, ಬಲೆ ಕಟ್ಟಿದ ಆವರಣಕ್ಕೆ ತಂದು, ರೆಕ್ಕೆ ಬಲಿಯುವವರೆಗೆ ಮೀನು ಹಾಕಬೇಕು. ಅದೇ ನಮ್ಮ ಕೆಲಸ. ಮೂರನೆಯ ರಾತ್ರಿ ಗುಡುಗಿತು. ಗಾಳಿಗೆ ಇಡೀ ಮರವೇ ಕಿರುಚಿದಂತಾಯಿತು. ದೊಡ್ಡ ಹಕ್ಕಿಗಳು ಗೂಡಲ್ಲಿ ಮೌನಿಗಳು, ಗಲಾಟೆಯೆಲ್ಲ ಮರಿಗಳದು. ಟಾರ್ಚ್ ಹಿಡಿದು ಓಡಿದೆ. ಹಿಕ್ಕೆಗೊಬ್ಬರಕ್ಕೆಂದು ಮರದಡಿ ತೋಡಿದ್ದ ಗುಂಡಿಗೆ ಮೊಣಕಾಲುದ್ದ ಇಳಿದುಬಿಟ್ಟೆ. ಪಕ್ಕದಲ್ಲೇ ಬಿಳಿ ತುಪ್ಪಳದ ಮರಿಯೊಂದು ಕೊಕ್ಕು ತೆರೆದು ಕೂತಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡು ಮರದ ಯಜಮಾನಿ ಅಜ್ಜಿಯ ಜಗಲಿ ಹತ್ತಿದೆ.

ಬೆಳಗಿನ ಜಾವ ಬಕೆಟ್ಟಿನ ಜಿಲೇಬಿ ಮೀನನ್ನು ಹೇಗೆ ಕೈಗೆ ಸಿಕ್ಕಿತೋ ಹಾಗೆ ತುರುಕಲು ಹೋದೆ. ಅಜ್ಜಿ ಗದರಿದರು.

“ತಲೆ ಮುಂದ್ಮಾಡಿ ಕೊಡ್ಲಾ ಮಗ. ಬಾಲ ಮುಂದಾದ್ರೆ ಮುಳ್ಳು ಗಂಟ್ಲಿಗೆ ಸಿಕ್ಕೊತದೆ.”

ಮೀನು ಸರಕ್ಕನೆ ಇಳಿಯಿತು. ಮರಿ ಮತ್ತೆ ಕೊಕ್ಕು ತೆರೆದು ನನ್ನ ಅಂಗಿಯ ತುದಿಯನ್ನೇ ಎಳೆಯಿತು.

ಹುಣಸೆ ಕೊಯ್ಯುವ ಕಾಲಕ್ಕೇ ಈ ಹಕ್ಕಿಗಳ ಸಂಸಾರವೂ ಮರದ ಮೇಲಿರುತ್ತದೆ. ಮರ ಹತ್ತಿ ಬಡಿದರೆ ಮರಿಗಳು ಉದುರುತ್ತವೆ. ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಪರಿಹಾರ ಕೊಡುತ್ತದೆ. “ಅದು ಸಾಲ್ತದಾ ಅಜ್ಜಿ?” ಅಂದೆ.

“ತವ್ರಿಗೆ ಬಾಣಂತನಕ್ಕೆ ಬಂದೋರ್ನ ಎಬ್ಬಿಸಿ ಹಣ್ಣು ಉದುರುಸ್ತಾರಾ?” ಎಂದು ಒಳಗೆ ಹೋದರು.

ಮಧ್ಯಾಹ್ನ ನಮ್ಮೆಲ್ಲರಿಗೂ ಅಲ್ಲೇ ಊಟ. ಮುದ್ದೆ, ಹುಳಿ ಹುಳಿಯಾದ ಸಾರು. ತಲೆಯ ಮೇಲೆ ಮರದ ತುಂಬ ಹಣ್ಣು ತೂಗುತ್ತಿತ್ತು. ಸಾರಿನ ಹುಣಸೆಹಣ್ಣನ್ನು ಅಜ್ಜಿ ಮದ್ದೂರಿನ ಅಂಗಡಿಯಿಂದ ತರಿಸಿದ್ದರು.