ಅರ್ಧ ಬೆಳ್ಳಿಯ ಪಾವಲಿ

ಕನ್ನಡಿಗರೂ ಮರಾಠಿಗರೂ ಜಗಳಾಡದೆ ಹಂಚಿಕೊಂಡ ಮಾತುಗಳಲ್ಲಿ ‘ಪಾವಲಿ’ ಒಂದು. ನಾಕಾಣೆಗೆ ವಿಜಾಪುರದ ಕಡೆಗೂ ಪಾವಲಿ, ಇಲ್ಲಿ ಪುಣೆಯ ರವಿವಾರ ಪೇಠೆಯಲ್ಲೂ ಪಾವಲಿ. 1957ರಲ್ಲಿ ದಶಮಾನ ಪದ್ಧತಿ ಬಂದು ನಾಕಾಣೆ 25 ಪೈಸೆಯಾಯಿತು. 2011ರಲ್ಲಿ ಆ 25 ಪೈಸೆಯ ಚಲಾವಣೆಯೂ ನಿಂತಿತು. ಮಾತು ಮಾತ್ರ ಮುದುಕರ ಬಾಯಲ್ಲಿ ಉಳಿದಿದೆ.

ನಮ್ಮ ಮನೆಯಲ್ಲಿ ಮಾತಿನ ಜೊತೆ ನಾಣ್ಯಗಳೂ ಉಳಿದಿವೆ. ಆಯಿಯ ಸಂಚಿಯಲ್ಲಿ ಆರನೆಯ ಜಾರ್ಜನ ತಲೆಯಿರುವ ನಲವತ್ತು ಪಾವಲಿಗಳು. 1943ರಲ್ಲಿ ಅವಳ ಅಪ್ಪ ಇಂಡಿ ಕಡೆಯಿಂದ ಪುಣೆಗೆ ಬಂದು ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಕೂಲಿಗೆ ನಿಂತರು. ಪಗಾರದಲ್ಲಿ ಬಂದ ಪಾವಲಿಗಳಲ್ಲಿ ಆಗೊಂದು ಈಗೊಂದು ತೆಗೆದಿಟ್ಟರು. “ಕಾಗದ ಹರೀತದ, ಬೆಳ್ಳಿ ಹರಿಯೂದಿಲ್ಲ” ಅನ್ನುತ್ತಿದ್ದರಂತೆ.

ಅಕ್ಕನ ಮದುವೆಗೆ ಕಾಲುಚೈನು ಮಾಡಿಸಬೇಕೆಂದು ಅವನ್ನು ಒಬ್ಬ ಸರಾಫನ ಅಂಗಡಿಗೆ ಒಯ್ದೆವು. ಆತ ಒರೆಗಲ್ಲಿಗೆ ತಿಕ್ಕಿ ನೋಡಿ, “ಆಜಿ, ಹೀ ಅರ್ಧೀಚ ಚಾಂದೀ” ಅಂದ. ಆಯಿ ಬಹಳ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, “ನಮ್ಮಪ್ಪಗ ಯಾರು ಮೋಸ ಮಾಡ್ಯಾರೋ?” ಅಂತ ಕೇಳಿದಳು.

ಸರಾಫ ಹೇಳಿದ್ದು ನಿಜ. ಮೊದಲು ಪಾವಲಿಯ 12 ಪಾಲಿನಲ್ಲಿ 11 ಪಾಲು ಬೆಳ್ಳಿಯಿರುತ್ತಿತ್ತು. 1939ರಲ್ಲಿ ಮಹಾಯುದ್ಧ ಹತ್ತಿಕೊಂಡ ಮೇಲೆ ಬೆಳ್ಳಿಗೆ ಬರ ಬಂತು. 1940ರಲ್ಲಿ ಸರಕಾರ ಮೊದಲು ಪಾವಲಿಯ, ಆಮೇಲೆ ಎಂಟಾಣೆಯ, ಕೊನೆಗೆ ರೂಪಾಯಿಯ ಬೆಳ್ಳಿಯನ್ನು ನೂರಕ್ಕೆ 50ಕ್ಕೆ ಇಳಿಸಿತು. ಉಳಿದದ್ದು ತಾಮ್ರ 40, ನಿಕ್ಕಲ್ 5, ಸತು 5. ತೂಕ ಅದೇ 2.92 ಗ್ರಾಂ, ರಾಜನ ತಲೆಯೂ ಅದೇ. 1946ರ ಹೊತ್ತಿಗೆ ಪಾವಲಿ ಬರೀ ನಿಕ್ಕಲ್ಲಿನದಾಯಿತು.

ಇದು ಇಂಗ್ಲಿಷರೇ ಕಂಡುಹಿಡಿದ ಯುಕ್ತಿಯೇನಲ್ಲ. ಡೆನ್ಮಾರ್ಕಿನ ಎರಡನೆಯ ಕ್ರಿಶ್ಚಿಯನ್ ದೊರೆ 1520ರ ಸುಮಾರಿಗೆ ಸ್ವೀಡನ್ನಿನ ಮೇಲಿನ ಯುದ್ಧದ ಖರ್ಚಿಗೆಂದು ಕಳಪೆ ಬೆಳ್ಳಿಯ ಚೌಕ ನಾಣ್ಯಗಳನ್ನು ಕತ್ತರಿಸಿ ಹೊರಡಿಸಿದ. ಜನ ಬೇಸತ್ತರು, 1523ರಲ್ಲಿ ಅವನು ಸಿಂಹಾಸನ ಬಿಟ್ಟು ಓಡಬೇಕಾಯಿತು.

ನಾನು ಕೂತು ಲೆಕ್ಕ ಹಾಕಿದೆ. ನಲವತ್ತು ಪಾವಲಿಯ ತೂಕ ಸುಮಾರು 117 ಗ್ರಾಂ. ಹಳೆಯ ಕಟ್ಟಿನವಾಗಿದ್ದರೆ ಬೆಳ್ಳಿ 107 ಗ್ರಾಂ, ಇರುವುದು 58. ಪಾವಲಿಯನ್ನು ಅಂದೇ ಖರ್ಚು ಮಾಡಿದವನಿಗೆ ಈ ವ್ಯತ್ಯಾಸ ತಟ್ಟಲಿಲ್ಲ, ಅಂಗಡಿಯಲ್ಲಿ ಅದು ನಾಕಾಣೆಯೇ. ತಟ್ಟಿದ್ದು ಹೊಟ್ಟೆ ಕಟ್ಟಿ ಕೂಡಿಟ್ಟವನಿಗೆ, ನೋಟು ನಂಬದೆ ಬೆಳ್ಳಿ ನಂಬಿದವನಿಗೆ. ಯಾವ ಯುದ್ಧ ಅವರಿಗೆ ಖಡಕಿಯಲ್ಲಿ ಕೆಲಸ ಕೊಟ್ಟಿತೋ ಅದೇ ಯುದ್ಧ ಅವರ ಪಗಾರದ ಬೆಳ್ಳಿಯನ್ನೂ ಕಡಿಮೆ ಮಾಡಿತ್ತು. ಅವರಿಗದು ಗೊತ್ತೇ ಆಗಲಿಲ್ಲ.

ಇದನ್ನೆಲ್ಲ ಆಯಿಗೆ ತಿಳಿಸಿ ಹೇಳಿದೆ. “ಹಂಗಾರ ಅಪ್ಪಂದೇನೂ ತಪ್ಪಿಲ್ಲಲಾ” ಅಂದಳು. ಅವಳಿಗೆ ಬೇಕಾದದ್ದು ಅಷ್ಟೇ. ನನಗೆ ಸಾಲದು. ಇತಿಹಾಸದ ಪರೀಕ್ಷೆಯಲ್ಲಿ ಆ ಯುದ್ಧ ಶುರುವಾದ ವರ್ಷ ಕೇಳುತ್ತಾರೆ, ಮುಗಿದ ವರ್ಷ ಕೇಳುತ್ತಾರೆ. ಅದರ ಖರ್ಚು ಯಾರ ಸಂಚಿಯಿಂದ ಹೋಯಿತೆಂದು ಯಾರೂ ಕೇಳುವುದಿಲ್ಲ. ಗೆಳೆಯರೇ, ನಿಮ್ಮ ಮನೆಯ ಹಳೆಯ ಸಂಚಿಗಳನ್ನೂ ಒಮ್ಮೆ ಬಿಚ್ಚಿ ನೋಡಿ.