ಎಣಿಕೆಗೆ ಬಂದ ತಾಸು, ಎಣಿಕೆಗೆ ಬಾರದ ತಾಸು

ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕದಲ್ಲಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ಮನೆಗೆ ತಂದರು. ಅದನ್ನು ಕಂಡು ಧರ್ಮಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ದಿನದ ಅಗತ್ಯವನ್ನು ಮೀರಿದ್ದನ್ನು ತಂದಲ್ಲಿಗೇ ಮರಳಿ ಸುರಿದು ಬರುವಂತೆ ಪತಿಗೆ ಹೇಳಿದರು. ಈ ಪ್ರಸಂಗವನ್ನು ಕೇಳದೆ ಬೆಳೆದ ಶರಣ ಮನೆತನದ ಮಗು ಇರಲಾರದು. ಆದರೆ ಕೇಳಿ ತಲೆದೂಗುವುದು ಸುಲಭ. ಉಡಿಗೆ ಬಂದ ಅಕ್ಕಿಯನ್ನು ಹಿಂದಕ್ಕೆ ಸುರಿಯುವುದು ಸುಲಭವಲ್ಲ. ಧಾರವಾಡದ ಕಡೆಯಿಂದ ಹೋಗಿ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ನೆಲೆಸಿರುವ ಒಬ್ಬ ತಾಯಿಗೆ 2024ರ ಏಪ್ರಿಲ್ ತಿಂಗಳಿನಲ್ಲಿ ಈ ಪ್ರಸಂಗವು ಮತ್ತೊಂದು ರೂಪದಲ್ಲಿ ಎದುರಾಯಿತು. ಅಲ್ಲಿ ಅಕ್ಕಿ ಇರಲಿಲ್ಲ, ತಾಸುಗಳಿದ್ದವು.

ಆಕೆ 2005ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪದವಿ ಪಡೆದವಳು. 2009ರಲ್ಲಿ ಪತಿಯೊಡನೆ ಅಮೆರಿಕಕ್ಕೆ ತೆರಳಿದಾಗ ಆಕೆಗೆ ದೊರೆತದ್ದು ಎಚ್-4 ವೀಸಾ. ಅಂದಿನ ನಿಯಮದಂತೆ ಅದರಲ್ಲಿ ದುಡಿಯುವ ಅನುಮತಿ ಇರಲಿಲ್ಲ. ಮೊದಲು ಮಗಳು, ಎರಡು ವರ್ಷದ ನಂತರ ಮಗ ಹುಟ್ಟಿದರು. 2017ರಲ್ಲಿ ಐದು ವರ್ಷದ ಆ ಬಾಲಕ ದಿನೇ ದಿನೇ ಸೊರಗುತ್ತ, ಎಷ್ಟು ನೀರು ಕುಡಿದರೂ ಮತ್ತೆ ನೀರು ಕೇಳುತ್ತ ಬಂದನು. ಆಸ್ಪತ್ರೆಯಲ್ಲಿ ಟೈಪ್ 1 ಮಧುಮೇಹವೆಂದು ತಿಳಿಯಿತು. ಅಂದಿನಿಂದ ಪ್ರತಿ ಊಟಕ್ಕೂ ಇನ್ಸುಲಿನ್, ಪ್ರತಿ ತುತ್ತಿಗೂ ಲೆಕ್ಕ. ರಾತ್ರಿ ಎರಡಕ್ಕೆ ಎದ್ದು, ಮಲಗಿದ ಮಗುವಿನ ಬೆರಳು ಚುಚ್ಚಿ ಸಕ್ಕರೆಯ ಪ್ರಮಾಣ ನೋಡಿ, ಅದನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಆಕೆಯ ನಿತ್ಯ ನೇಮವಾಯಿತು.

ಆ ಮಗುವಿನ ಚಿಕಿತ್ಸಾಲಯದಲ್ಲಿ ಆಕೆ ಕಂಡದ್ದು ಒಬ್ಬ ಪಿ.ಎ.ಯನ್ನು. ನಮ್ಮಲ್ಲಿ ಪಿ.ಎ. ಎಂದೊಡನೆ ಮಂತ್ರಿಗಳ ಆಪ್ತ ಸಹಾಯಕರು ನೆನಪಾಗುವರು. ಅಮೆರಿಕದಲ್ಲಿ ಅದು ಫಿಜಿಷಿಯನ್ ಅಸಿಸ್ಟೆಂಟ್, ಅಂದರೆ ರೋಗಿಯನ್ನು ಪರೀಕ್ಷಿಸುವ, ರೋಗವನ್ನು ನಿರ್ಣಯಿಸುವ, ಔಷಧಿ ಬರೆದುಕೊಡುವ ಅಧಿಕಾರವುಳ್ಳ ವೈದ್ಯಕೀಯ ವೃತ್ತಿ. ಆಸ್ಪತ್ರೆ ಕೊಟ್ಟ ಆಹಾರದ ಪಟ್ಟಿಯಲ್ಲಿ ಬ್ರೆಡ್ಡು, ಆಲೂಗಡ್ಡೆ, ಪಾಸ್ತಾ ಇದ್ದವು. ಜೋಳದ ರೊಟ್ಟಿ ಇರಲಿಲ್ಲ. ಆಕೆ ಅಳುಕುತ್ತ ಅದನ್ನು ಹೇಳಿದಾಗ ಆ ಪಿ.ಎ. ನಗಲಿಲ್ಲ, ಆ ಆಹಾರವನ್ನು ಬಿಡಿ ಎನ್ನಲೂ ಇಲ್ಲ. ಮುಂದಿನ ಸಲ ಬರುವಾಗ ಒಂದು ರೊಟ್ಟಿ ತನ್ನಿರಿ ಎಂದಳು. ತಂದ ರೊಟ್ಟಿಯನ್ನು ತಕ್ಕಡಿಯಲ್ಲಿಟ್ಟು ತೂಗಿ, ಅದಕ್ಕೆಷ್ಟು ಇನ್ಸುಲಿನ್ ಬೇಕೆಂಬುದನ್ನು ತಾಯಿಯ ಪಕ್ಕದಲ್ಲಿ ಕುಳಿತು ಲೆಕ್ಕ ಹಾಕಿ ತೋರಿಸಿದಳು. ಆ ದಿನವೇ ಆಕೆಯ ಮನದಲ್ಲಿ ಬೀಜವೊಂದು ಬಿದ್ದಿತೆನ್ನಬೇಕು.

ಈ ವೃತ್ತಿಯ ಇತಿಹಾಸವೂ ಆ ರಾಜ್ಯದಲ್ಲಿಯೇ ಆರಂಭವಾದದ್ದು. ವೈದ್ಯರ ಕೊರತೆ ತೀವ್ರವಾಗಿದ್ದ ಕಾಲದಲ್ಲಿ, 1965ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ವೈದ್ಯಕೀಯ ಸೇವೆ ಮಾಡಿ ಮರಳಿದ್ದ ನಾಲ್ವರನ್ನು ಸೇರಿಸಿಕೊಂಡು ಮೊದಲ ತರಗತಿಯನ್ನು ಆರಂಭಿಸಿದರು. ಕೈಯಲ್ಲಿ ಅನುಭವವಿದ್ದೂ ಪದವಿಯಿಲ್ಲದವರ ಅನುಭವವನ್ನು ವ್ಯರ್ಥವಾಗಲು ಬಿಡಬಾರದೆಂಬುದು ಅದರ ಹಿಂದಿನ ಆಶಯವಾಗಿತ್ತು. 1967ರಲ್ಲಿ ಅವರಲ್ಲಿ ಮೂವರು ಶಿಕ್ಷಣ ಮುಗಿಸಿ ಹೊರಬಂದರು. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ, ಮಕ್ಕಳ ತಾಯಿಯಾಗಿದ್ದ ಜಾಯ್ಸ್ ನಿಕೋಲ್ಸ್ ಎಂಬ ಕಪ್ಪು ಜನಾಂಗದ ಮಹಿಳೆ 1970ರಲ್ಲಿ ಈ ಶಿಕ್ಷಣ ಪೂರೈಸಿ ಮೊದಲ ಮಹಿಳಾ ಪಿ.ಎ. ಎನಿಸಿದರು. ಇಂದು ಅದು ಸಾಮಾನ್ಯವಾಗಿ ಇಪ್ಪತ್ತೇಳು ತಿಂಗಳ ಸ್ನಾತಕೋತ್ತರ ಶಿಕ್ಷಣ. ಮೊದಲರ್ಧ ತರಗತಿಯಲ್ಲಿ, ಉಳಿದರ್ಧ ಆಸ್ಪತ್ರೆಗಳಲ್ಲಿ. ಬಳಿಕ ಮುನ್ನೂರು ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ.

2021ರಲ್ಲಿ ಕುಟುಂಬಕ್ಕೆ ಗ್ರೀನ್ ಕಾರ್ಡ್ ದೊರೆತ ಮೇಲೆ ಆಕೆ ಈ ದಾರಿಗೆ ಕಾಲಿಟ್ಟಳು. ಆಗ ಆಕೆಗೆ ಮೂವತ್ತೇಳು ವರ್ಷ. ಹಳೆಯ ಪದವಿಯನ್ನು ಅಮೆರಿಕದ ಮಾನದಂಡಕ್ಕೆ ತಕ್ಕಂತೆ ಮೌಲ್ಯಮಾಪನ ಮಾಡಿಸಬೇಕಾಯಿತು. ಆದರೂ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಸಂಖ್ಯಾಶಾಸ್ತ್ರ ಮೊದಲಾದವನ್ನು ಅಲ್ಲಿಯೇ ಹೊಸದಾಗಿ ಓದಬೇಕು. ಹಲವು ವಿದ್ಯಾಲಯಗಳು ವಿದೇಶದಲ್ಲಿ ಓದಿದ್ದನ್ನಾಗಲೀ ಬಹಳ ಹಿಂದೆ ಓದಿದ್ದನ್ನಾಗಲೀ ಒಪ್ಪುವುದಿಲ್ಲ. ಊರಿನ ಕಮ್ಯೂನಿಟಿ ಕಾಲೇಜಿನಲ್ಲಿ ಹತ್ತೊಂಬತ್ತರ ಹುಡುಗ ಹುಡುಗಿಯರ ನಡುವೆ ಕುಳಿತು ಆಕೆ ಬರೆದ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತೆರಡು ಬಂದಿತು. ಕಾರಿನಲ್ಲಿ ಕುಳಿತು ಅತ್ತು, ಮುಖ ತೊಳೆದುಕೊಂಡು, ಮಗನನ್ನು ಶಾಲೆಯಿಂದ ಕರೆತರಲು ಹೋದಳು. ಅಂದಿನಿಂದ ಅಡುಗೆಮನೆಯ ಮೇಜಿನ ಒಂದು ಬದಿಗೆ ಮಗಳ ಬೀಜಗಣಿತ, ಮತ್ತೊಂದು ಬದಿಗೆ ತಾಯಿಯ ಎಲುಬುಗಳ ಹೆಸರು. ಮಗಳೇ ಪ್ರಶ್ನೆ ಕೇಳುವ ಪಂತೋಜಿಯಾದಳು. ಸಂಜೆಯ ಅಡುಗೆ ಪತಿಯ ಪಾಲಿಗೆ ಬಂದಿತು.

ಅಂಕಗಳಷ್ಟೇ ಸಾಲದು. ರೋಗಿಗಳನ್ನು ಸ್ವತಃ ಮುಟ್ಟಿ ಶುಶ್ರೂಷೆ ಮಾಡಿದ ಅನುಭವವನ್ನು ತಾಸುಗಳ ಲೆಕ್ಕದಲ್ಲಿ ತೋರಿಸಬೇಕು. ಕೆಲವು ವಿದ್ಯಾಲಯಗಳಿಗೆ ಐನೂರು ಸಾಕು, ಕೆಲವಕ್ಕೆ ಸಾವಿರ, ಎರಡು ಸಾವಿರ ಬೇಕು. ಇದಕ್ಕಾಗಿ ಆಕೆ ಶುಶ್ರೂಷಾ ಸಹಾಯಕಿಯ ತರಬೇತಿ ಪಡೆದು, 2023ರ ಫೆಬ್ರವರಿಯಿಂದ ಒಂದು ವೃದ್ಧರ ಶುಶ್ರೂಷಾಲಯದಲ್ಲಿ ಶನಿವಾರ, ಭಾನುವಾರ ಎಂಟೆಂಟು ತಾಸು ದುಡಿಯತೊಡಗಿದಳು. ಹಾಸಿಗೆ ಹಿಡಿದವರನ್ನು ಹುಣ್ಣಾಗದಂತೆ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು, ಮೈ ಒರೆಸುವುದು, ಮಲಮೂತ್ರ ತೆಗೆಯುವುದು, ಉಣಿಸುವುದು ಅಲ್ಲಿಯ ಕೆಲಸ. ಮೊದಲ ದಿನ ಅಪರಿಚಿತ ವೃದ್ಧನೊಬ್ಬನ ಮಲ ತೆಗೆಯುವಾಗ ಆಕೆಯ ಕೈ ಹಿಂಜರಿಯಿತು. ಆ ವೃದ್ಧ ಅದನ್ನು ಗಮನಿಸಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡನು. ತನ್ನ ಹಿಂಜರಿಕೆ ಅವನನ್ನು ಎಷ್ಟು ಕುಗ್ಗಿಸಿತೆಂಬುದನ್ನು ಆಕೆ ಆಗ ಅರಿತಳು. ಮರುವಾರ ಅದೇ ಕೆಲಸವನ್ನು ಮಾಡುತ್ತ, ಮೊಮ್ಮಕ್ಕಳ ವಿಷಯ ಕೇಳಿ ಅವನನ್ನು ಮಾತಿಗೆಳೆದಳು.

ಆ ವರ್ಷದ ಚಳಿಗಾಲದಲ್ಲಿ ಮಗನಿಗೆ ಜ್ವರ ಬಂದು, ರಕ್ತದಲ್ಲಿ ಕೀಟೋನ್ ಏರಿ ಆಸ್ಪತ್ರೆ ಸೇರಬೇಕಾಯಿತು. ಆಕೆ ಹಲವು ವಾರ ಕೆಲಸಕ್ಕೆ ಹೋಗಲಿಲ್ಲ. ಹೋದ ಮೇಲೂ ಕೆಲಕಾಲ ಶನಿವಾರ ಮಾತ್ರ ಹೋದಳು. ಹೀಗಾಗಿ 2024ರ ಏಪ್ರಿಲ್ ಕೊನೆಗೆ, ದೇಶದ ಪಿ.ಎ. ವಿದ್ಯಾಲಯಗಳ ಅರ್ಜಿಗಳನ್ನು ಒಂದೆಡೆ ಸ್ವೀಕರಿಸುವ ಕ್ಯಾಸ್ಪಾ ವ್ಯವಸ್ಥೆ ಆ ಸಾಲಿಗೆ ತೆರೆದಾಗ, ಆಕೆಯ ತಾಸುಗಳ ಮೊತ್ತ 782 ಆಗಿದ್ದಿತು. ಮನೆಯಿಂದ ಹೋಗಿಬರುವಷ್ಟು ಹತ್ತಿರವಿದ್ದು, ಆಕೆ ಮನಸ್ಸಿನಲ್ಲಿಟ್ಟುಕೊಂಡಿದ್ದ ವಿದ್ಯಾಲಯಕ್ಕೆ ಸಾವಿರ ಬೇಕು. ಕೊರತೆ 218. ತಾಸು ತುಂಬುವವರೆಗೆ ಕಾಯೋಣವೆಂದರೆ, ಬಂದ ಅರ್ಜಿಗಳನ್ನು ಬಂದಂತೆಯೇ ಪರಿಶೀಲಿಸುವ ಕ್ರಮವಿರುವುದರಿಂದ ತಡವಾದಷ್ಟೂ ಸ್ಥಾನಗಳು ತುಂಬಿಹೋಗುವ ಭಯ.

ಶುಶ್ರೂಷಾಲಯದ ಮೇಲ್ವಿಚಾರಕಿ ಕರುಣೆಯುಳ್ಳವಳು. ಮಗನ ಕಾಯಿಲೆಯಿಂದ ತಪ್ಪಿದ ತಾಸುಗಳಲ್ಲವೇ, ಸಾವಿರವೆಂದೇ ಬರೆ, ಯಾರಾದರೂ ಕೇಳಿದರೆ ನಾನು ಹೌದೆನ್ನುವೆ ಎಂದಳು. ಅಲ್ಲಿಯ ಕನ್ನಡದ ಗೆಳತಿಯೊಬ್ಬಳು ಇನ್ನೊಂದು ದಾರಿ ತೋರಿದಳು: “ಅಕ್ಕಾ, ಏಳು ವರ್ಷ ಮಗನಿಗೆ ಇನ್ಸುಲಿನ್ ಕೊಟ್ಟಿದ್ದೀರಿ, ರಾತ್ರಿಯೆಲ್ಲ ಎದ್ದಿದ್ದೀರಿ. ಅದು ರೋಗಿಯ ಶುಶ್ರೂಷೆಯಲ್ಲದೆ ಮತ್ತೇನು? ಅದನ್ನೇ ಸೇರಿಸಿ.” ಮನೆಯವರ ಆರೈಕೆಯನ್ನು ಆ ಲೆಕ್ಕದಲ್ಲಿ ಹಿಡಿಯುವಂತಿಲ್ಲ. ಅರ್ಜಿಯ ಕೊನೆಯಲ್ಲಿ, ಬರೆದದ್ದೆಲ್ಲ ನಿಜವೆಂದು ಒಪ್ಪಿ ಸಹಿ ಹಾಕಬೇಕು. ಇದು ಆಕೆಗೆ ತಿಳಿದಿತ್ತು. ಆದರೂ ಮೂರು ರಾತ್ರಿ ನಿದ್ದೆ ಬರಲಿಲ್ಲ. ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ, ನಿಜದಿಂದ ತನಗೆ ಒಂದು ವರ್ಷ ನಷ್ಟ ಎಂದು ಮನಸ್ಸು ವಾದಿಸುತ್ತಿದ್ದಿತು. ನಲವತ್ತರ ಹೊಸ್ತಿಲಲ್ಲಿ ನಿಂತವಳಿಗೆ ಒಂದು ವರ್ಷ ಸಣ್ಣದಲ್ಲ.

ನಾಲ್ಕನೆಯ ದಿನ ಧಾರವಾಡದಲ್ಲಿರುವ ತಾಯಿಗೆ ಫೋನು ಮಾಡಿದಳು. ಆ ವೃದ್ಧ ತಾಯಿ ಒಂದು ಕಾಲದಲ್ಲಿ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಮಕ್ಕಳನ್ನು ಓದಿಸಿದವಳು. ರೊಟ್ಟಿಯ ಎಣಿಕೆಯ ಮೇಲೆ ಕೂಲಿ. ಕ್ಯಾಸ್ಪಾ ಎಂದರೇನು, ಪಿ.ಎ. ಎಂದರೇನು ಎಂಬುದು ಆಕೆಗೆ ಪೂರ್ತಿ ತಿಳಿಯಲಿಲ್ಲ. ತಾಸಿನ ವಿಷಯ ಮಾತ್ರ ಕೂಡಲೇ ತಿಳಿಯಿತು. “ಹರದ ರೊಟ್ಟಿ ನಾ ಎಂದೂ ಲೆಕ್ಕಕ್ಕ ಹಿಡದಿಲ್ಲವ್ವಾ. ಮಾಡದ ತಾಸು ನಿನಗ್ಯಾಕ? ಒಂದು ವರ್ಷ ಹೋದರ ಹೋಗಲಿ” ಎಂದಳು. ಅದೇ ರಾತ್ರಿ ಆಕೆ ಆ ಅಂಕಣದಲ್ಲಿ 782 ಎಂದೇ ನಮೂದಿಸಿದಳು.

ಇನ್ನು ಉಳಿದದ್ದು, ಈ ವೃತ್ತಿಯನ್ನು ಏಕೆ ಬಯಸುವಿರಿ ಎಂಬುದಕ್ಕೆ ಐದು ಸಾವಿರ ಅಕ್ಷರಗಳ ಮಿತಿಯಲ್ಲಿ ಬರೆಯಬೇಕಾದ ಪ್ರಬಂಧ. ಮೊದಲ ಕರಡಿನಲ್ಲಿ ಆಕೆ 2005ರಿಂದ 2021ರವರೆಗಿನ ಹದಿನಾರು ವರ್ಷಗಳನ್ನು ‘ಕೌಟುಂಬಿಕ ಕಾರಣಗಳಿಂದ ವಿರಾಮ’ ಎಂಬ ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದಳು. ಅದನ್ನೋದಿದ ಮಗಳು, “ಅಮ್ಮಾ, ಇದರಲ್ಲಿ ತಮ್ಮನೇ ಇಲ್ಲವಲ್ಲ?” ಎಂದಳು. ತಾಯಿಗೆ ಮಾತು ಹೊರಡಲಿಲ್ಲ. ಮಾಡದ ತಾಸನ್ನು ಬರೆಯಲೊಲ್ಲದವಳು ಮಾಡಿದ ತಾಸುಗಳನ್ನೇ ಮುಚ್ಚಿಟ್ಟಿದ್ದಳು! ಮನೆಯಲ್ಲಿ ಕುಳಿತಿದ್ದೆನೆಂಬ ಅಂಜಿಕೆ ಹಾಗೆ ಮಾಡಿಸಿದ್ದಿತು. ಕರಡನ್ನು ಬದಿಗಿಟ್ಟು, ತಕ್ಕಡಿಯಲ್ಲಿ ತೂಗಿದ ರೊಟ್ಟಿಯಿಂದ ಆರಂಭಿಸಿ ಹೊಸದಾಗಿ ಬರೆದಳು. ಲೆಕ್ಕದ ಅಂಕಣದಲ್ಲಿ ಸ್ಥಾನವಿಲ್ಲದ ರಾತ್ರಿಗಳಿಗೆ ಅಲ್ಲಿ ಸ್ಥಾನ ದೊರೆಯಿತು.

ಸತ್ಯಕ್ಕೆ ಕೂಡಲೇ ಫಲ ದೊರೆಯಿತೆಂದು ಹೇಳಿದ್ದರೆ ಓದುವವರಿಗೆ ಹಿತವೆನಿಸುತ್ತಿತ್ತು, ಹಾಗಾಗಲಿಲ್ಲ. ಹತ್ತಿರದ ವಿದ್ಯಾಲಯಕ್ಕೆ ಅರ್ಜಿ ಹಾಕಲಾಗಲಿಲ್ಲ. ಐನೂರು ತಾಸು ಸಾಕೆನ್ನುವ ಐದು ವಿದ್ಯಾಲಯಗಳಿಗೆ ಹಾಕಿದಳು. ನಾಲ್ಕು ನಿರಾಕರಿಸಿದವು. ಒಂದು ಸಂದರ್ಶನಕ್ಕೆ ಕರೆದು, ಕಾಯುವವರ ಪಟ್ಟಿಯಲ್ಲಿ ಹೆಸರು ಬರೆದುಕೊಂಡಿತು. ಕರೆ ಬರಲೇ ಇಲ್ಲ. ಆ ಚಳಿಗಾಲದಲ್ಲಿ ಆಕೆ ಬಹಳ ಕಹಿಯಾಗಿದ್ದಳು. ತನಗಿಂತ ಕಡಿಮೆ ದುಡಿದವರೂ ಲೆಕ್ಕ ಹಿಗ್ಗಿಸಿ ಒಳಹೋಗಿರಬಹುದೆಂದು ಪತಿಯೆದುರು ಸಿಡುಕಿದ್ದೂ ಉಂಟು. ಆದರೂ ಶನಿವಾರ ಬೆಳಗಾದರೆ ಶುಶ್ರೂಷಾಲಯಕ್ಕೆ ಹೊರಡುತ್ತಿದ್ದಳು. ಬರಬರುತ್ತ ಆಕೆಗೇ ತಿಳಿಯದಂತೆ ತಾಸು ಎಣಿಸುವ ಆತುರ ಕಡಿಮೆಯಾಯಿತು. ಅಲ್ಲಿದ್ದವರು ತಾಸುಗಳಾಗಿರದೆ ಮನುಷ್ಯರಾಗಿದ್ದರು. ಗೋಡೆಯ ಕಡೆ ಮುಖ ತಿರುಗಿಸಿದ್ದ ಆ ವೃದ್ಧ ತೀರಿಕೊಂಡ ದಿನ, ಕೆಲಸದ ಅವಧಿ ಮುಗಿದ ಮೇಲೂ ಅವನ ಮಗಳು ಬರುವವರೆಗೆ ಆಕೆ ಅವನ ಹಾಸಿಗೆಯ ಬಳಿ ಕುಳಿತಿದ್ದಳು. ಆ ಎರಡು ತಾಸನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

2025ರ ವಸಂತದಲ್ಲಿ ಎರಡನೆಯ ಬಾರಿ ಅರ್ಜಿ ಹಾಕುವಾಗ ತಾಸುಗಳು 1,560 ಆಗಿದ್ದವು. ಆ ಶರತ್ಕಾಲದಲ್ಲಿ ಎರಡು ಸಂದರ್ಶನಗಳಾದವು. ನವೆಂಬರಿನಲ್ಲಿ, ಮೊದಲ ವರ್ಷ ಅರ್ಜಿ ಹಾಕಲಾಗದಿದ್ದ ಹತ್ತಿರದ ವಿದ್ಯಾಲಯದಿಂದಲೇ 2026ರ ತರಗತಿಗೆ ಸ್ಥಾನ ದೊರೆಯಿತು. ಆಮೇಲೆ ಬಂದದ್ದು ಹಣದ ಚಿಂತೆ. 2025ರ ಜುಲೈನಲ್ಲಿ ಆದ ಕಾನೂನಿನಂತೆ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಗ್ರಾಡ್ ಪ್ಲಸ್ ಸಾಲವು 2026ರ ಜುಲೈ 1ರಿಂದ ಹೊಸಬರಿಗೆ ದೊರೆಯದಾಯಿತು. ತರಗತಿ ಆಗಸ್ಟಿನದು. ಒಂದು ವರ್ಷ ಮೊದಲು ಸೇರಿದ್ದರೆ ಆ ಸಾಲ ಸಿಗುತ್ತಿತ್ತು ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎರಡನೆಯ ಕಾರನ್ನು ಮಾರುವುದೆಂದೂ, ಧಾರವಾಡದ ನಿವೇಶನವನ್ನು ಬಿಟ್ಟುಕೊಡುವುದೆಂದೂ ಪತಿ ಪತ್ನಿ ನಿಶ್ಚಯಿಸಿದರು. ಹದಿಮೂರರ ಮಗ ಈಗ ತನ್ನ ರೊಟ್ಟಿಯನ್ನು ತಾನೇ ತೂಗಿಕೊಳ್ಳುತ್ತಾನೆ. ರಾತ್ರಿಯ ಅಲಾರಂ ತನ್ನ ಕೋಣೆಯಲ್ಲಿಯೇ ಇರಲಿ, ಅಮ್ಮ ಓದಬೇಕು ಎಂದನಂತೆ.

ಲಕ್ಕಮ್ಮನವರು ಮರಳಿ ಸುರಿಸಿದ ಅಕ್ಕಿ ಎಷ್ಟೆಂಬುದನ್ನು ಯಾರೂ ಅಳೆದಿಲ್ಲ. ಅಂದು ಅವರ ಮನೆಯಲ್ಲಿ ಉಳಿದ ಅಕ್ಕಿ ಮಾತ್ರ ಅವರದೇ ಆಗಿದ್ದಿತು. ದುಡಿದು ಪಡೆಯದದ್ದನ್ನು ನಮ್ಮದೆಂದು ಎಣಿಸದಿರುವುದು ಒಂದು ಶುದ್ಧಿಯಾದರೆ, ಮಾಡಿದ ಸೇವೆಯನ್ನು ಯಾರೂ ಎಣಿಸಲಿಲ್ಲವೆಂಬ ಕಾರಣಕ್ಕೆ ಹಗುರವಾಗಿ ಕಾಣದಿರುವುದು ಇನ್ನೊಂದು ಶುದ್ಧಿ. ಮಕ್ಕಳನ್ನು ಸಾಕುತ್ತಲೇ ಮತ್ತೆ ಪುಸ್ತಕ ಹಿಡಿಯುವ ತಾಯಿ ತಂದೆಯರು ಎರಡನ್ನೂ ಉಳಿಸಿಕೊಳ್ಳಬೇಕಾಗುತ್ತದೆ. ಆ ಮನೆಯ ಕಪಾಟಿನಲ್ಲಿ ಇಂದಿಗೂ ಎರಡು ನೋಟ್‌ಬುಕ್ಕುಗಳಿವೆ. ಒಂದರಲ್ಲಿ ಶುಶ್ರೂಷಾಲಯದ ತಾಸುಗಳು, ಮೇಲ್ವಿಚಾರಕಿಯ ಸಹಿಯೊಡನೆ. ಇನ್ನೊಂದರಲ್ಲಿ ರಾತ್ರಿ ಎರಡರ ಸಕ್ಕರೆಯ ಲೆಕ್ಕ; ಅದಕ್ಕೆ ಯಾರ ಸಹಿಯೂ ಇಲ್ಲ.