ಅಘನಾಶಿನಿಯ ಅಳಿವೆಯಲ್ಲಿ

ಶುಕ್ರವಾರದ ಸಂಜೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ದೀಪ ಆರುವ ಮುನ್ನವೇ, ಬೆನ್ನಿಗೆ ಚೀಲವೇರಿಸಿದ ತರುಣ ತರುಣಿಯರು ಹೆದ್ದಾರಿಯ ಬದಿಗೆ ಬಂದು ನಿಲ್ಲುತ್ತಾರೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯು 1970ರ ದಶಕದ ಕೊನೆಗೆ ಹುಟ್ಟುಹಾಕಿದ ಈ ನಗರಿಯಲ್ಲಿ ಗಾಜಿನ ಸೌಧಗಳಿಗೆ ಬರವಿಲ್ಲ, ಬರವಿರುವುದು ದಿಗಂತಕ್ಕೆ. ಅದನ್ನರಸಿಯೇ ಅವರು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಸುಮಾರು 500 ಕಿಲೋಮೀಟರು ದಾಟಿ, ಬೆಳಗಾಗುವ ಹೊತ್ತಿಗೆ ಗೋಕರ್ಣದಲ್ಲಿ ಇಳಿಯುವುದು.

ಅಲ್ಲಿ ನೋಡುವುದಕ್ಕೇನು ಕಡಮೆ? ಮಹಾಬಲೇಶ್ವರನ ದರ್ಶನವಾದ ಮೇಲೆ ತೆಂಕಣದ ಗುಡ್ಡವನ್ನು ದಾಟಿದರೆ ಕುಡ್ಲೆಯ ಮರಳು. ಮುಂದೆ, ಬಂಡೆಗಳು ನಡುವೆ ಚಾಚಿ ದಡವನ್ನೇ ಓಂಕಾರದ ಆಕೃತಿಗೆ ಬಾಗಿಸಿರುವ ಓಂ ಬೀಚು. ಉತ್ಸಾಹಿಗಳು ಮುರುಡೇಶ್ವರಕ್ಕೂ ಹೋಗಿ, ನೇತ್ರಾಣಿ ದ್ವೀಪದ ಬಳಿ ನೀರಿನಲ್ಲಿ ಮುಳುಗಿ ಮೀನುಗಳ ಒಡ್ಡೋಲಗವನ್ನು ಕಂಡು ಬರುತ್ತಾರೆ. ಮುಂಗಾರಿನ ಕಡಲು ಮಾತ್ರ ಆಟಕ್ಕೆ ಒಲಿಯುವಂಥದಲ್ಲ. ಜೂನ್, ಜುಲೈಗಳಲ್ಲಿ ಬೆಸ್ತರ ಯಂತ್ರದೋಣಿಗಳೇ ದಡ ಸೇರಿರುವಾಗ, ಈಜು ಬಾರದ ಬಯಲುಸೀಮೆಯವರು ಬಂಡೆಯ ತುದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಯಾವ ಪುರುಷಾರ್ಥಕ್ಕೋ!

ಹೀಗೆ ಬಂದವರಲ್ಲಿ ತದಡಿಯ ತನಕ ಹೋದವರು ವಿರಳ. ಗೋಕರ್ಣದ ದಕ್ಷಿಣಕ್ಕೆ, ಅಘನಾಶಿನಿಯು ಕಡಲನ್ನು ಕೂಡುವ ತಾಣವದು. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಎಲ್ಲಿಯೂ ಅಣೆಕಟ್ಟಿನ ಸೆರೆಗೆ ಸಿಕ್ಕದೆ ಹರಿದು ಬಂದ ಹೊಳೆ ಇದು. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಅಳಿವೆಯ ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಮಾಂಸ ಅಡುಗೆಗೆ, ಚಿಪ್ಪು ಸುಣ್ಣಕ್ಕೆ. ಬೇಸಿಗೆಯಲ್ಲಿ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪಿನ ರಾಶಿಗಳು ಬೆಳ್ಳಗೆ ಹೊಳೆಯುತ್ತವೆ.

ಎಲ್ಲಕ್ಕಿಂತ ಸೋಜಿಗದವು ಗಜನಿ ಗದ್ದೆಗಳು. ಒಡ್ಡು ಕಟ್ಟಿ, ತೂಬಿನ ಹಲಗೆಗಳಿಂದ ಉಬ್ಬರವನ್ನು ತಡೆದು, ಮಳೆನೀರು ನೆಲದ ಉಪ್ಪನ್ನು ತೊಳೆದ ಮೇಲೆ ರೈತನು ಇಲ್ಲಿ ಕಗ್ಗದ ಭತ್ತವನ್ನು ಬಿತ್ತುತ್ತಾನೆ. ಉಪ್ಪಿಗೂ ನೆರೆಗೂ ಅಂಜದ ಎತ್ತರದ ತಳಿಯದು. ಕೊಯ್ಲಾದ ಬಳಿಕ ತೂಬು ತೆರೆದರೆ ಕೂಳೆಯ ನಡುವೆ ಮೀನು, ಸೀಗಡಿಗಳು ಬೆಳೆಯುತ್ತವೆ. ಅವನ್ನು ಹುಡುಕಿ ಹಕ್ಕಿಗಳು ಬರುತ್ತವೆ. ಒಂದೇ ಗದ್ದೆಯಿಂದ ಎರಡು ಫಸಲು! ಆದರೆ ಒಡ್ಡು ಒಡೆದೆಡೆ ಗದ್ದೆ ಬೀಳುಬಿತ್ತು. ಸೀಗಡಿ ಸಾಕಣೆಯ ಲಾಭ ಕಂಡೆಡೆ ನೇಗಿಲು ಮೂಲೆ ಸೇರಿತು. ಕಗ್ಗವನ್ನು ಬಿತ್ತುವವರು ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. 2024ರಲ್ಲಿ ಈ ಅಳಿವೆಯು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿ ಜಗತ್ತಿನ ಮನ್ನಣೆಯನ್ನು ಪಡೆಯಿತೇನೋ ನಿಜ. ಒಡ್ಡಿಗೆ ಮಣ್ಣು ಹಾಕುವ ಕೈಗಳು ಮಾತ್ರ ಊರಿನವೇ ಆಗಬೇಕು.

ಇಳಿತವು ಶನಿವಾರ, ಭಾನುವಾರಗಳ ರಜೆಯನ್ನು ಬಲ್ಲುದಲ್ಲ. ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗುತ್ತದೆ. ಬಳಚು ಹೆಕ್ಕುವುದನ್ನು ಕಾಣಬಯಸುವವರು ಹಿಂದಿನ ಸಂಜೆಯೇ ತದಡಿಯ ದಕ್ಕೆಗೆ ಹೋಗಿ, ಬಲೆ ಹೆಣೆಯುತ್ತ ಕುಳಿತ ಯಾರನ್ನಾದರೂ ವೇಳೆ ಕೇಳಿಕೊಳ್ಳುವುದು ಲೇಸು.